ಪಾಠ ಬರುತ್ತದೆ, ಮುಗಿಸಲು ಬರುವುದಿಲ್ಲ

‘ಪಾಠವೆಲ್ಲ ಬರುತ್ತದೆ ಕಣೋ, ಮುಗಿಸುವುದಕ್ಕೇ ಬರುವುದಿಲ್ಲ.’ ಜಯನಗರದ ಮನೆಯಲ್ಲಿ ಅಕ್ಕ ಅಂದ ಈ ಮಾತು ಟೆಕ್ಸಾಸ್‌ಗೆ ಮರಳಿದ ಮೇಲೂ ಚುಚ್ಚುತ್ತಿದೆ. ರಜೆಗೆಂದು ಬೆಂಗಳೂರಿಗೆ ಬಂದಿದ್ದ ನನ್ನ ಮಗಳು, ದ್ವಿತೀಯ ಪಿಯುಸಿ ಓದುತ್ತಿರುವ ಅಕ್ಕನ ಮಗಳ ಜೊತೆ ಸಿಇಟಿಯ ಹಳೆಯ ಭೌತಶಾಸ್ತ್ರ ಪ್ರಶ್ನೆಪತ್ರಿಕೆ ಬಿಡಿಸಲು ಕೂತಿದ್ದಳು. 60 ಪ್ರಶ್ನೆ, 80 ನಿಮಿಷ. ಸಮಯ ಮುಗಿದಾಗ ನನ್ನ ಮಗಳದು ಅರ್ಧವೂ ಆಗಿರಲಿಲ್ಲ.

ಇಬ್ಬರ ಹಾಳೆಗಳನ್ನೂ ನೋಡಿದೆ. ಇಳಿಜಾರಿನಲ್ಲಿ ಉರುಳುವ ಗೋಳದ ಪ್ರಶ್ನೆಗೆ ನನ್ನ ಮಗಳು ಚಿತ್ರ ಬರೆದು, ಬಲಗಳನ್ನು ಗುರುತಿಸಿ, ಸೂತ್ರವನ್ನು ಬುಡದಿಂದ ಸಾಧಿಸಿದ್ದಳು. ಉತ್ತರ ಸರಿಯಾಗಿತ್ತು. ಅಕ್ಕನ ಮಗಳು ಅದೇ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಸೊನ್ನೆ ಹಾಕಿ ಮುಂದಕ್ಕೆ ಹೋಗಿದ್ದಳು. ಸೊನ್ನೆ ಹಾಕಿದವುಗಳಿಗೆ ಕೊನೆಯ ಹತ್ತು ನಿಮಿಷ. ಆಗಲೂ ಹೊಳೆಯದಿದ್ದರೆ ಯಾವುದಾದರೊಂದು ವೃತ್ತ ತುಂಬಿಸುವುದು, ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲವಲ್ಲ.

ಈ ಚುರುಕಿಗೆ ಬೆಂಗಳೂರು ತೆರುವ ಬೆಲೆ ನನಗೆ ಒಪ್ಪಿಗೆಯಿಲ್ಲ. ಐದನೇ ತರಗತಿಗೇ ಟ್ಯೂಷನ್, ವಾರವಾರ ಪರೀಕ್ಷೆ. ಒಂದು ಲೆಕ್ಕದ ಮುಂದೆ ಮಗು ಸುಮ್ಮನೆ ಕೂತು ಯೋಚಿಸಿದರೆ ಮನೆಯವರಿಗೆಲ್ಲ ಆತಂಕ. ನಾವು ಮಗಳನ್ನು ಮನೆಯಲ್ಲೇ ಓದಿಸಲು ನಿರ್ಧರಿಸಿದ್ದೇ ಇದರಿಂದ ದೂರವಿಡಲು. ಟೆಕ್ಸಾಸ್‌ನಲ್ಲಿ ಮನೆಯಲ್ಲಿ ಓದುವ ಮಕ್ಕಳಿಗೆ ಸರ್ಕಾರದ ಪರೀಕ್ಷೆ ಕಡ್ಡಾಯವಲ್ಲ. ಅವಳು ಎಲ್ಲವನ್ನೂ ನಿಧಾನವಾಗಿ, ಇಷ್ಟಪಟ್ಟು ಕಲಿತಳು.

ಆದರೆ ಹೆತ್ತವರೇ ಬರೆದುಕೊಟ್ಟ ಅಂಕಪಟ್ಟಿಯೊಂದನ್ನೇ ಕಾಲೇಜು ಎಷ್ಟು ನಂಬೀತು? ಅದಕ್ಕೇ ಎಸ್‌ಎಟಿ, ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ. 2024ರಿಂದ ಇಲ್ಲಿ ಅದು ಪೂರ್ತಿ ಕಂಪ್ಯೂಟರಿನಲ್ಲಿ ನಡೆಯುತ್ತದೆ, 2 ಗಂಟೆ 14 ನಿಮಿಷ. ಗಣಿತದ ಎರಡು ಭಾಗಗಳಲ್ಲಿ ಒಂದೊಂದಕ್ಕೂ 22 ಪ್ರಶ್ನೆ, 35 ನಿಮಿಷ. ಮೊದಲ ಭಾಗ ಹೇಗೆ ಮಾಡಿದರೋ ಅದರ ಮೇಲೆ ಎರಡನೆಯದರ ಕಷ್ಟ ನಿರ್ಧಾರವಾಗುತ್ತದೆ, ಮುಗಿದ ಭಾಗಕ್ಕೆ ಮರಳುವಂತಿಲ್ಲ. ಗೋಳದ ಚಿತ್ರ ಬರೆಯುತ್ತ ಕೂರಲು ಅಲ್ಲಿ ಪುರಸೊತ್ತೆಲ್ಲಿ?

ಹೀಗಿದ್ದರೂ ಗಡಿಯಾರ ಕೊನೆಯಲ್ಲೇ ಬರಬೇಕು ಎನ್ನುತ್ತೇನೆ. ಈಗ ಮಗಳು ಮಾದರಿ ಪರೀಕ್ಷೆಯನ್ನು ಮೊದಲು ಸಮಯದ ಹಂಗಿಲ್ಲದೆ ಬಿಡಿಸುತ್ತಾಳೆ. ತಪ್ಪಿದ ಪ್ರಶ್ನೆಗಳಲ್ಲಿ ಪಾಠ ಬಾರದ್ದು ಯಾವುದು, ಅವಸರದಲ್ಲಿ ಎಡವಿದ್ದು ಯಾವುದು ಎಂದು ಬೇರ್ಪಡಿಸುತ್ತಾಳೆ. ಆಮೇಲೆ ನಿಗದಿತ ಸಮಯದ ಒಂದೂವರೆ ಪಟ್ಟು, ಕೊನೆಗೆ ನಿಗದಿತ ಸಮಯ. ಎಸ್‌ಎಟಿಯ ತಂತ್ರಾಂಶದಲ್ಲೂ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗುವ ಸೌಲಭ್ಯವಿದೆ. ಅದನ್ನು ಒತ್ತಲು ಅವಳ ಕೈ ಇನ್ನೂ ಹಿಂಜರಿಯುತ್ತದೆ, ಬಿಟ್ಟು ಹೋಗುವುದೆಂದರೆ ಸೋತಂತೆ ಅನ್ನಿಸುತ್ತದೆಯಂತೆ. ಎರಡು ನಿಮಿಷ ಮೀರಿದರೆ ಗುರುತು ಹಾಕಲೇಬೇಕು ಎಂದು ನಿಯಮ ಮಾಡಿದ್ದೇನೆ.

ಒಂದು ಮಾತ್ರ ನನ್ನಿಂದ ಆಗದ ಕೆಲಸ, ಅದರಲ್ಲಿ ಬೆಂಗಳೂರೇ ಮುಂದು ಎಂದು ಒಪ್ಪಲೇಬೇಕು. ಗೊತ್ತಿಲ್ಲದ ಶಾಲೆ, ಗೊತ್ತಿಲ್ಲದ ಬೆಂಚು, ಸುತ್ತ ಬರೆಯುತ್ತಿರುವ ಅಪರಿಚಿತ ಮಕ್ಕಳು: ಇವು ಅಕ್ಕನ ಮಗಳಿಗೆ ಎಸ್‌ಎಸ್‌ಎಲ್‌ಸಿಗೇ ಅಭ್ಯಾಸವಾಗಿಬಿಟ್ಟವು. ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ ಕೊಡುವ 15 ನಿಮಿಷದಲ್ಲಿ ಉಸಿರು ಹಿಡಿತಕ್ಕೆ ತಂದುಕೊಳ್ಳುವುದನ್ನೂ ಅವಳು ಅಲ್ಲೇ ಕಲಿತಳು. ನನ್ನ ಮಗಳು ಎಸ್‌ಎಟಿ ಬರೆಯಬೇಕಾಗಿರುವುದು ಎಂದೂ ಕಾಲಿಡದ ಶಾಲೆಯೊಂದರಲ್ಲಿ. ಆ ಕೊಠಡಿಯನ್ನು ಅಡುಗೆಮನೆಯ ಮೇಜಿನ ಮೇಲೆ ಕಟ್ಟಿಕೊಡಲು ನನಗೆ ಸಾಧ್ಯವಿಲ್ಲ. ಹಾಗಾಗಿ ಮನೆಯಲ್ಲೇ ಓದಿಸುವ ಇಲ್ಲಿನ ಬೇರೆ ಕುಟುಂಬಗಳನ್ನು ಕೇಳಿದ್ದೇನೆ, ಶನಿವಾರ ಬೆಳಿಗ್ಗೆ ಗ್ರಂಥಾಲಯದ ಕೋಣೆಯಲ್ಲಿ ಮಕ್ಕಳನ್ನು ಒಟ್ಟಿಗೆ ಬರೆಯಲು ಕೂರಿಸೋಣ ಎಂದು. ಕೊಠಡಿ ಮೇಲ್ವಿಚಾರಕರು ಯಾರೇ ಆಗಲಿ, ತಮ್ಮ ಮಗು ಬರೆಯುವ ದಿನ ಅವರು ಆ ಕೋಣೆಯಲ್ಲಿ ಇರಬಾರದು.