ಡೀಸೆಲ್ ಎಸ್‌ಯುವಿ ತಗೊಳ್ಳುವ ಮೊದಲು ನಿಮ್ಮ ದಿನದ ದಾರಿ ನೋಡಿ

"ಗಾಡಿ ತಗೊಂಡು ಇನ್ನೂ ವರ್ಷ ಆಗಿಲ್ಲ. ಮೀಟರ್‌ನಲ್ಲಿ ಹಳದಿ ದೀಪ ಬಂದಿದೆ, ಗಾಡಿ ಎಳೆಯುತ್ತಲೇ ಇಲ್ಲ. ಪೀಸೇ ಸರಿ ಇಲ್ವಾ ಅಣ್ಣ?"

ಕೊಡಗಿನಲ್ಲಿ ಹೊಸ ಡೀಸೆಲ್ ಎಸ್‌ಯುವಿ ಇಟ್ಟುಕೊಂಡವರು ನನ್ನ ಹತ್ತಿರ ಜಾಸ್ತಿ ಕೇಳುವುದು ಇದನ್ನೇ. ನನ್ನ ಪ್ರಕಾರ ಹೆಚ್ಚಿನ ಸಲ ಪೀಸ್ ಸರಿಯಾಗಿಯೇ ಇರುತ್ತದೆ. ನಾವು ದಿನಾ ಓಡಿಸುವ ದಾರಿಗೆ ಆ ಇಂಜಿನ್ ಒಗ್ಗುವುದಿಲ್ಲ, ಅಷ್ಟೇ. ಮಾರುವವರು ಸನ್‌ರೂಫ್ ತೆಗೆದು ತೋರಿಸುತ್ತಾರೆ. ದಿನಕ್ಕೆ ಎಷ್ಟು ದೂರ, ಎಂಥ ರಸ್ತೆ ಅಂತ ಮಾತ್ರ ಕೇಳುವುದಿಲ್ಲ.

2020ರ ಏಪ್ರಿಲ್‌ನಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. ಆಮೇಲೆ ಬಂದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ತುಂಬಿದಾಗ ಗಾಡಿ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿವರೆಗೆ ಕಾಯಿಸಿ, ಆ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಹದಿನೈದಿಪ್ಪತ್ತು ನಿಮಿಷ ಒಂದೇ ಹದದಲ್ಲಿ, ಗಂಟೆಗೆ 60 ಕಿಲೋಮೀಟರ್ ಆಸುಪಾಸು ಓಡಬೇಕು.

ಈಗ ಹೇಳಿ, ನಾಪೋಕ್ಲು ಕಡೆಯ ತೋಟದಿಂದ ಪೇಟೆಗೆ ಹೋಗಿ ಬರುವವರಿಗೆ ಆ ರಸ್ತೆ ಎಲ್ಲಿ ಸಿಗಬೇಕು? ಎರಡನೇ ಗೇರ್, ಮೂರನೇ ಗೇರ್, ತಿರುವು, ಮತ್ತೆ ತಿರುವು. ಇಂಜಿನ್ ಬಿಸಿಯಾಗುವಷ್ಟರಲ್ಲಿ ಅಂಗಡಿ ಬಂದಿರುತ್ತದೆ, ಕೀ ಆಫ್. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಾರನೇ ದಿನವೂ ಅದೇ ಕತೆ. ಕೊನೆಗೆ ಫಿಲ್ಟರ್ ಕಟ್ಟಿಕೊಂಡು ಆ ಹಳದಿ ದೀಪ ಬರುತ್ತದೆ.

ಹೀಗೇ ನಡೆದರೆ ಇನ್ನೊಂದು ತೊಂದರೆ ಇದೆ. ಸುಡಲೆಂದು ಬಿಟ್ಟ ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರ್ ಗೋಡೆಯಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮೊದಲಿಗಿಂತ ಜಾಸ್ತಿ! "ಒಳ್ಳೆ ಇಂಜಿನ್, ಒಂದು ಹನಿ ಆಯಿಲ್ ಕುಡಿದಿಲ್ಲ" ಅಂತ ಖುಷಿಪಡುವವರನ್ನು ನೋಡಿದ್ದೇನೆ. ಆಯಿಲ್ ತೆಳುವಾಗಿ ಇಂಜಿನ್ ಸವೆಯುತ್ತಿದೆ ಅಂತ ಅವರಿಗೆ ಗೊತ್ತಿಲ್ಲ. ಗುರುತು ದಾಟಿ ಮೇಲೇರಿದ್ದರೆ ಸರ್ವೀಸ್ ದಿನದವರೆಗೆ ಕಾಯಬೇಡಿ, ಕೂಡಲೇ ಬದಲಿಸಿ.

ಹಳದಿ ದೀಪ ಬಂದರೆ ಹೆದರುವುದೂ ಬೇಡ, ಸುಮ್ನೆ ಬಿಡುವುದೂ ಬೇಡ. ಕುಶಾಲನಗರ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣದ ಕಡೆಗೆ ಹೋಗಿ. ಅಲ್ಲಿ ರಸ್ತೆ ನೇರ. ಗೇರ್ ಒಂದು ಕಡಿಮೆ ಇಟ್ಟು ಓಡಿಸಿ ಬನ್ನಿ. ಗೋಣಿಕೊಪ್ಪದವರಿಗೆ ತಿತಿಮತಿ ದಾರಿ ಹತ್ತಿರ, ಆದರೆ ಅಲ್ಲಿ ಹಂಪ್ ಇದೆ, ಆನೆಯೂ ಇದೆ. ಒಂದೇ ಹದದಲ್ಲಿ ಓಡಿಸುವ ಮಾತು ಬಿಡಿ. ಇನ್ನು ಮಡಿಕೇರಿಯಿಂದ ಸಂಪಾಜೆಗೆ ಇಳಿದರೆ ಪ್ರಯೋಜನ ಕಡಿಮೆ. ಇಳಿಜಾರಿನಲ್ಲಿ ಇಂಜಿನ್‌ಗೆ ಕೆಲಸವೇ ಇರುವುದಿಲ್ಲ, ಫಿಲ್ಟರ್ ಕಾಯುವುದಾದರೂ ಹೇಗೆ? ದೀಪದ ಜೊತೆ ಗಾಡಿಯ ಶಕ್ತಿಯೂ ಇಳಿದಿದ್ದರೆ ಮಾತ್ರ ಇದೆಲ್ಲ ಸಾಲದು, ಸರ್ವೀಸ್ ಸೆಂಟರ್‌ನಲ್ಲೇ ಕಂಪ್ಯೂಟರ್ ಹಾಕಿ ಮಸಿ ಸುಡಿಸಬೇಕು. "ಆ ಫಿಲ್ಟರ್ ಕಿತ್ತು ಬಿಸಾಕಿ" ಎನ್ನುವ ಗ್ಯಾರೇಜ್ ಮಾತು ಕೇಳಬೇಡಿ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ.

ತೋಟ, ಪೇಟೆ, ಮಕ್ಕಳ ಶಾಲೆ, ಇಷ್ಟೇ ಓಡಾಟ ಅಂದರೆ ಪೆಟ್ರೋಲ್ ತಗೊಳ್ಳಿ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ನಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಘಾಟಿಯಲ್ಲಿ ಇನ್ನೂ ಇಳಿಯುತ್ತದೆ, ನಿಜ. ಆದರೂ ಡಿಪಿಎಫ್ ತಲೆನೋವಿಗಿಂತ ಅದು ವಾಸಿ. ಆಗಾಗ ಮೈಸೂರು, ಬೆಂಗಳೂರು ಓಡಾಟ ಇದ್ದವರಿಗೆ ಡೀಸೆಲ್ಲೇ ಸರಿ. ಅವರ ಗಾಡಿಯಲ್ಲಿ ಈ ದೀಪ ಬರುವುದೇ ಅಪರೂಪ.

"ಎಸ್‌ಯುವಿ ಅಲ್ವಾ, ತೋಟದ ಕೆಸರಲ್ಲಿ ಯಾಕೆ ಹೂತುಹೋಯ್ತು?" ಇದೂ ಮಾಮೂಲಿ ಪ್ರಶ್ನೆ. ಈಗ ಮಾರುತ್ತಿರುವ ಎಷ್ಟೋ ಎಸ್‌ಯುವಿಗಳಲ್ಲಿ ಎಳೆಯುವುದು ಮುಂದಿನ ಎರಡೇ ಚಕ್ರ. ಮೈಕಟ್ಟು ಜೀಪಿನದ್ದು, ಒಳಗೆ ಇರುವುದು ಕಾರು. ಜುಲೈ ತಿಂಗಳ ಕೆಂಪು ಮಣ್ಣಿನ ಏರಿಗೆ ನಾಲ್ಕೂ ಚಕ್ರ ಎಳೆಯುವ ಹಳೆ ಫೋರ್ ವೀಲ್ ಜೀಪ್ ಹತ್ತಿದಂತೆ ಇದು ಹತ್ತುವುದಿಲ್ಲ. ಬುಕ್ ಮಾಡುವ ಮೊದಲೇ ಫೋರ್ ವೀಲ್ ಇದೆಯಾ ಅಂತ ಕೇಳಿಕೊಳ್ಳಿ.

ಡಿಸಿಟಿ, ಅಂದರೆ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್ ಇರುವವರು ಘಾಟಿಯಲ್ಲಿ ಲಾರಿ ಹಿಂದೆ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ತಡೆದು ಹಿಡಿಯಬೇಡಿ, ಕ್ಲಚ್ ಕಾದುಹೋಗುತ್ತದೆ. ಬ್ರೇಕ್ ಒತ್ತಿ ನಿಲ್ಲಿಸಿ, ಲಾರಿ ಸ್ವಲ್ಪ ಮುಂದೆ ಹೋದ ಮೇಲೆ ಹೊರಡಿ.

ಸನ್‌ರೂಫ್‌ನಿಂದ ಒಳಗೆ ನೀರು ಸೋರುತ್ತಿದೆ ಎಂದವರು ರಬ್ಬರ್ ಬದಲಿಸುವ ಮೊದಲು ಅದರ ಮೂಲೆಗಳಲ್ಲಿರುವ ನೀರು ಹೋಗುವ ತೂತುಗಳನ್ನು ನೋಡಿ. ಸಿಲ್ವರ್ ಓಕ್ ಕೆಳಗೆ ಗಾಡಿ ನಿಲ್ಲಿಸಿದರೆ ಎಲೆ ಉದುರಿ ಅಲ್ಲೇ ಕಟ್ಟಿಕೊಳ್ಳುತ್ತದೆ.