392 ರೂಪಾಯಿ, ಮಾವನ ಎದುರಿಗೆ

ಗಂಟೆ ಎರಡೂವರೆ. ನಿದ್ದೆ ಹತ್ತಿರಕ್ಕೂ ಸುಳೀತಿಲ್ಲ. ಪಕ್ಕದಲ್ಲಿ ಮಾವ ಗೊರಕೆ ಹೊಡೀತಿದ್ದಾರೆ, ನನ್ನ ಕಿವಿಯಲ್ಲಿ ಮಾತ್ರ ರಾತ್ರಿ ಹೋಗಿದ್ದ ಪಬ್ಬಿನ ಮ್ಯಾನೇಜರ್ ಮಾತು ಗುಂಯ್‌ಗುಡ್ತಿದೆ: "ಪರವಾಗಿಲ್ಲ ಸಾರ್, ಕಷ್ಟ ಇದ್ರೆ ತೆಗೀತೀನಿ ಬಿಡಿ."

ಕಷ್ಟ! ನಾನೇನು ಅವನ ಹತ್ರ ಸಾಲ ಕೇಳಿದ್ನಾ?

ಕೇಳಿದ್ದು ಇಷ್ಟೇ. 3,920 ರೂಪಾಯಿ ಬಿಲ್ಲು, ಅದರ ಕೆಳಗೆ ಸರ್ವಿಸ್ ಚಾರ್ಜ್ ಶೇ. 10 ಅಂತ 392, ಆ 392ರ ಮೇಲೂ ಜಿಎಸ್‌ಟಿ. ಅದನ್ನ ತೆಗೀರಿ ಅಂದೆ, ಮೆಲ್ಲಗೇ ಅಂದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ಹೋಟೆಲಿನವರು ಇದನ್ನ ತಾವಾಗಿ ಬಿಲ್ಲಿಗೆ ಸೇರಿಸೋ ಹಾಗಿಲ್ಲ, ಕೊಡೋದು ಬಿಡೋದು ಗಿರಾಕಿ ಇಷ್ಟ ಅಂತ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡೀತು. ಇಷ್ಟೆಲ್ಲ ಗೊತ್ತಿತ್ತು ನಂಗೆ. ಆ ಹೊತ್ತಲ್ಲಿ ಒಂದಕ್ಷರ ಬಾಯಿಗೆ ಬರಲಿಲ್ಲ.

ಅವನು ಅಷ್ಟಕ್ಕೇ ಬಿಟ್ಟಿದ್ರೆ ನಾನೂ ಸುಮ್ಮನಿರ್ತಿದ್ದೆ. ಅಲ್ಲಿಂದಲೇ ಕೌಂಟರ್ ಕಡೆ ತಿರುಗಿ ಕೂಗಿದ, "ಹದಿನಾಲ್ಕನೇ ಟೇಬಲ್ಲು, ಸರ್ವಿಸ್ ಕೊಡಲ್ವಂತೆ!" ಹಾಡು ಬೇರೆ ಅದೇ ಹೊತ್ತಿಗೆ ನಿಂತಿತ್ತು. ಪಕ್ಕದ ಟೇಬಲ್ಲಿನ ಹುಡುಗ ಹುಡುಗಿಯರು ತಿರುಗಿ ನೋಡಿದ್ರು. ಮೊದಲು ನನ್ನ, ಆಮೇಲೆ ಮಾವನ ಪಂಚೆನ.

ಮಾವನಿಗೆ ಏನು ಅರ್ಥ ಆಯ್ತೋ. ಅಳಿಯನ ಹತ್ರ ದುಡ್ಡು ಸಾಲದೆ ಹೋಯ್ತು ಅಂದ್ಕೊಂಡ್ರು. ಅಂಗಿ ಗುಂಡಿ ಬಿಚ್ಚಿ ಬನಿಯನ್ ಜೇಬಿಗೆ ಕೈ ಹಾಕಿ ನೋಟಿನ ಕಟ್ಟು ತೆಗೆದ್ರು. ತಿಪಟೂರಲ್ಲಿ ಕೊಬ್ಬರಿ ಹಾಕಿ ಬಂದ ದುಡ್ಡು. "ಬಿಡೋ ಅಳಿಯ, ನಾನ್ ಕೊಡ್ತೀನಿ, ಎಷ್ಟಂತೆ?" ಎಲ್ಲರ ಮುಂದೆ, ಬೆರಳಿಗೆ ಎಂಜಲು ಹಚ್ಚಿ ಎಣಿಸೋಕೆ ಶುರು ಮಾಡಿದ್ರು. ಮ್ಯಾನೇಜರ್ ಕೈಕಟ್ಟಿ ನಿಂತು ನೋಡ್ತಿದ್ದ.

ನಾನು ಏನ್ ಮಾಡ್ದೆ? "ತೆಗೀಬೇಡಿ, ಪೂರ್ತಿ ತಗೊಳ್ಳಿ" ಅಂದು ಕಾರ್ಡ್ ಉಜ್ಜಿದೆ. ಅದೇ ಈಗ ಎದೆ ಉರಿಸ್ತಿರೋದು.

ಸಂಜೆ ಎಷ್ಟು ಚೆನ್ನಾಗಿತ್ತು. ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ನಿಂತ್ಕೊಂಡೇ ದೋಸೆ, ಹೋಳಿಗೆ ತಿಂದ್ವಿ. ದೋಸೆಯವನು "ಇನ್ನೊಂದು ಹಾಕ್ಲಾ ಯಜಮಾನ್ರೇ" ಅಂತ ಮಾವನ್ನ ಎಷ್ಟು ಪ್ರೀತಿಯಿಂದ ಕೇಳ್ದ! ಅದಕ್ಕೆ ಯಾವ ಚಾರ್ಜೂ ಇಲ್ಲ. ನ್ಯಾಷನಲ್ ಕಾಲೇಜ್ ಹತ್ರ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಎಂ.ಜಿ. ರೋಡಲ್ಲಿ ಇಳಿದ್ವಿ. ಚರ್ಚ್ ಸ್ಟ್ರೀಟ್ ಉದ್ದಕ್ಕೂ ಮಾವ ಮಕ್ಕಳ ಥರ ದೀಪ ನೋಡ್ಕೊಂಡು ಬಂದ್ರು. ಒಂದು ಬಿಯರ್ ಕುಡಿಸೋಣ ಅಂತ ನಾನೇ ಕರ್ಕೊಂಡು ಮೆಟ್ಟಿಲು ಹತ್ತಿದ್ದು.

ಹೋಗಲಿ ಬಿಡು, 392 ರೂಪಾಯಿ ತಾನೆ, ನಾಲ್ಕು ದಿನಕ್ಕೆ ಮರೆತುಹೋಗುತ್ತೆ. ಇಲ್ಲ, ಯಾಕೆ ಬಿಡಬೇಕು? ಬೆಳಿಗ್ಗೆ ಎದ್ದವನೇ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ. ಮಾಡಿ? ಕೈಯಾರೆ ಕಾರ್ಡ್ ಉಜ್ಜಿ ಬಂದವನು ಏನಂತ ಹೇಳಲಿ? ದುಡ್ಡು ವಾಪಸ್ ಬರಬಹುದು, ಮಾವ ಎಣಿಸಿದ್ದು ವಾಪಸ್ ಬರುತ್ತಾ? ಆದ್ರೂ ಮಾಡ್ತೀನಿ.

ಇನ್ನೊಂದು ಸಂಕಟ ಇದೆ. ನಮಗೆ ಬಡಿಸಿದ ಹುಡುಗ ಹಾವೇರಿ ಕಡೆಯವನು. ಮಾವ ಮಳೆ-ಬೆಳೆ ವಿಚಾರಿಸಿದ್ರು, ಅವನೂ ನಿಂತು ಮಾತಾಡಿದ. ಅವನಿಗೇ ಅಂತ 200ರ ನೋಟು ಮಡಚಿ ಅಂಗಿ ಜೇಬಲ್ಲಿ ಇಟ್ಕೊಂಡಿದ್ದೆ. ಗಲಾಟೇಲಿ ಕೊಡೋದೇ ಮರೆತೆ. ನಾವು ಎದ್ದು ಬರುವಾಗ ಅವನು ತಲೆ ತಗ್ಗಿಸಿ ಗ್ಲಾಸ್ ಎತ್ತುತ್ತಿದ್ದ.

ಇಂಥ ಕಡೆ ಕೆಲಸ ಮಾಡಿದವರು ಯಾರಾದ್ರೂ ಇದ್ದೀರಾ? ದಯವಿಟ್ಟು ಹೇಳಿ. ಆ 392ರಲ್ಲಿ ಆ ಹುಡುಗನ ಕೈಗೆ ಎಷ್ಟು ಹೋಗುತ್ತೆ?