ಊಟಿ ರೈಲಲ್ಲಿ ಆ ಸದ್ದು ಕೇಳೋಕೆ ಬಿಡಿ

ಮೇಟ್ಟುಪಾಳಯಂನಿಂದ ಊಟಿಗೆ ಹೋಗುವ ಪುಟ್ಟ ರೈಲಿನ ಬಗ್ಗೆ ನನ್ನದೊಂದು ಅಳಲು. ರೈಲಿನ ಮೇಲಲ್ಲ, ಅದರೊಳಗಿನ ಗದ್ದಲದ ಮೇಲೆ.

46 ಕಿಲೋಮೀಟರ್ ದಾರಿ. ಕಲ್ಲಾರ್ ದಾಟಿದ ಮೇಲೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಶುರುವಾಗುತ್ತದೆ. ಎಂಜಿನ್ ಹಿಂದಿನಿಂದ ಬೋಗಿಗಳನ್ನು ತಳ್ಳುತ್ತದೆ, ಅದರ ಹಲ್ಲಿನ ಚಕ್ರ ಆ ಪಟ್ಟಿಗೆ ಕಚ್ಚಿಕೊಂಡು ಬೆಟ್ಟ ಹತ್ತುತ್ತದೆ. 12 ಅಡಿ ಮುಂದೆ ಹೋದರೆ ಸುಮಾರು ಒಂದು ಅಡಿ ಏರು! ಆಗ ಹಬೆಯ ಉಸಿರಾಟ ಎಷ್ಟು ಚೆನ್ನಾಗಿ ಕೇಳಬೇಕು, ಅಲ್ವಾ?

ಕೇಳುವುದಿಲ್ಲ. ಪಕ್ಕದವರ ಫೋನಲ್ಲಿ ರೀಲ್ಸ್ ಜೋರಾಗಿ ಓಡುತ್ತಿರುತ್ತದೆ. ಸುರಂಗ ಬಂದರೆ ಬೋಗಿ ಪೂರ್ತಿ ಕಿರುಚಾಟ. ಮಕ್ಕಳು ಕೂಗಿದರೆ ಸರಿ, ಅವರಿಗದು ಖುಷಿ. ದೊಡ್ಡವರು ಹದಿನಾರೂ ಸುರಂಗಗಳಲ್ಲಿ ಯಾಕೆ ಅರಚಬೇಕು? ಇನ್ನು ಸೆಲ್ಫಿ ಕೋಲು ಹಿಡಿದು ಕಿಟಕಿಗೆ ಅಡ್ಡ ನಿಲ್ಲುವವರು. ಎದುರು ಕೂತ ಅಜ್ಜಿಗೆ ಕಣಿವೆಯೇ ಕಾಣಲಿಲ್ಲ, ಪಾಪ.

ಕೂನೂರಿನಲ್ಲಿ ಸಾಮಾನ್ಯವಾಗಿ ಡೀಸೆಲ್ ಎಂಜಿನ್ ಹಾಕುತ್ತಾರೆ. ಹಬೆಯ ಸದ್ದು ಸಿಗುವುದು ಅಲ್ಲಿವರೆಗೆ ಮಾತ್ರ. ದಯವಿಟ್ಟು ಅಷ್ಟು ಹೊತ್ತು ಇಯರ್‌ಫೋನ್ ಹಾಕಿಕೊಳ್ಳಿ, ಕಿಟಕಿ ಬಿಟ್ಟು ಕೂರಿ.